ಅಂಗೈ ಮಾದರಿಯಲ್ಲ

ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಎರಡು ವರ್ಷ ರಾಣೆಬೆನ್ನೂರಿನ ಮನೆಯಲ್ಲಿ ಸಂಡಿಗೆ ಹಾಕುತ್ತ, ಕನ್ಯೆ ನೋಡಲು ಬಂದವರ ಮುಂದೆ ಅವಲಕ್ಕಿ ತಟ್ಟೆ ಇಡುತ್ತ ಕಳೆದ ಮೇಲೆ ನನಗೆ ಬ್ಯಾಡಗಿಯಲ್ಲಿ ನೌಕರಿ ಸಿಕ್ಕಿತು. ಸಿಕ್ಕಿತು ಅಂತ ಹೇಳುವುದು ವಾಡಿಕೆ. ಖರೇ ಹೇಳಬೇಕೆಂದರೆ ಅಲ್ಲಿಯವರಿಗೆ ಒಂದು ಡಿಗ್ರಿ ಬೇಕಾಗಿತ್ತು, ಅದು ನನ್ನ ಹತ್ತಿರ ಇತ್ತು.

ಎಂಬತ್ತರ ದಶಕದ ಕೊನೆಯ ಮಾತಿದು. ಬ್ಯಾಡಗಿಯ ಕೆಲವು ಮೆಣಸಿನಕಾಯಿ ವರ್ತಕರು ಕೂಡಿಕೊಂಡು ಒಂದು ಸಣ್ಣ ಪ್ರಯೋಗಾಲಯ ನಡೆಸುತ್ತಿದ್ದರು. ಖಾರದ ಪುಡಿಯ ಪೊಟ್ಟಣದ ಮೇಲೆ ಸರ್ಕಾರದ ಗುಣಮಟ್ಟದ ಮುದ್ರೆ ಹಚ್ಚಬೇಕಾದರೆ ಆ ಪುಡಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು, ಅಲ್ಲಿನ ಮಾನ್ಯತೆ ಪಡೆದ ರಸಾಯನಶಾಸ್ತ್ರಜ್ಞರು ಸಹಿ ಹಾಕಬೇಕು ಎಂಬುದು ಕಾನೂನು. ಹಿಂದಿದ್ದ ಗೃಹಸ್ಥರು ಹುಬ್ಬಳ್ಳಿಯಲ್ಲಿ ಬೇರೆ ಕೆಲಸ ಹಿಡಿದು ಹೋಗಿದ್ದರು. ಅವರಿಲ್ಲದೆ ಮಾನ್ಯತೆ ಇಲ್ಲ, ಮಾನ್ಯತೆ ಇಲ್ಲದೆ ಮುದ್ರೆ ಇಲ್ಲ, ಮುದ್ರೆ ಇಲ್ಲದ ಪೊಟ್ಟಣವನ್ನು ಪ್ಯಾಟೆಯ ದೊಡ್ಡ ಅಂಗಡಿಗಳವರು ಮುಟ್ಟುವುದಿಲ್ಲ.

ನನ್ನನ್ನು ಕರೆಸಿದವರು ಆ ವರ್ತಕರ ಅಧ್ಯಕ್ಷರು. ಅವರದೇ ಒಂದು ಖಾರದ ಪುಡಿಯ ಮಿಲ್ಲಿತ್ತು. ಅಂದರೆ ಪರೀಕ್ಷೆಗೆ ಪುಡಿ ಕಳಿಸುವವರೂ ಅವರೇ, ಪರೀಕ್ಷೆ ಮಾಡುವವಳಿಗೆ ಪಗಾರ ಕೊಡುವವರೂ ಅವರೇ. ಇದರಲ್ಲಿ ಏನೋ ಎಡವಟ್ಟಿದೆ ಎಂದು ಸರ್ಕಾರಕ್ಕೆ ಅನಿಸಿರಲಿಲ್ಲ. ಇಪ್ಪತ್ಮೂರು ವರ್ಷದ ನನಗೂ ಅನಿಸಲಿಲ್ಲ.

ಅಪ್ಪ ನನ್ನ ಜೊತೆಗೆ ಬಂದಿದ್ದ. ಅಧ್ಯಕ್ಷರು ಅವನಿಗೆ ಕುರ್ಚಿ ಕೊಟ್ಟರು, ನನ್ನ ಅಂಕಪಟ್ಟಿಯನ್ನು ಬಿಚ್ಚದೆ ಬದಿಗಿಟ್ಟರು, ಆಮೇಲೆ ಕೇಳಿದರು:

"ಸಹಿ ಕನ್ನಡದಾಗ ಮಾಡ್ತೀರೋ, ಇಂಗ್ಲೀಷಿನ್ಯಾಗ ಮಾಡ್ತೀರೋ?"

"ಇಂಗ್ಲೀಷಿನ್ಯಾಗರಿ."

"ಚಲೋ ಆತು. ಮ್ಯಾಲಿನ ಸಾಹೇಬರಿಗೆ ಅದ ಸೇರತೈತಿ."

ಸಂದರ್ಶನ ಮುಗಿಯಿತು. ಅಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ, "ಎಷ್ಟ ಸಭ್ಯ ಮನಷ್ಯಾ ನೋಡು" ಎನ್ನುತ್ತ ಬಂದ. ಕುರ್ಚಿ ಕೊಟ್ಟವರೆಲ್ಲ ಅಪ್ಪನ ಕಣ್ಣಿಗೆ ಸಭ್ಯರು.

ಒಂದು ತಿಂಗಳು ಸರ್ಕಾರಿ ತರಬೇತಿ ಮುಗಿಸಿ ಬಂದೆ. ಅಲ್ಲಿ ಕಲಿಸಿದವರು ಒಳ್ಳೆಯವರು, ಕೆಲಸದ ಮೇಲೆ ಪ್ರೀತಿ ಇದ್ದವರು. ಅಂಥವರೂ ಇದ್ದರು ಎಂದು ಹೇಳದಿದ್ದರೆ ತಪ್ಪಾಗುತ್ತದೆ; ಮುಂದೆ ಹೇಳಲಿಕ್ಕೆ ಅವಕಾಶ ಸಿಗುವುದಿಲ್ಲ. ನನ್ನ ಹೆಸರು ಬರೆದ ಹೊಸ ಮಾನ್ಯತಾ ಪತ್ರ ಬಂದಾಗ ಅಧ್ಯಕ್ಷರು ಅದಕ್ಕೆ ಚೌಕಟ್ಟು ಹಾಕಿಸಿ, ಲಕ್ಷ್ಮಿಯ ಪಟದ ಪಕ್ಕದಲ್ಲಿ ಮೊಳೆ ಹೊಡೆಸಿ ತೂಗುಹಾಕಿಸಿದರು. ಪ್ರಯೋಗಾಲಯದ ಜವಾನ ದಿನಾ ಮುಂಜಾನೆ ಎರಡಕ್ಕೂ ಊದಿನಕಡ್ಡಿ ಬೆಳಗುತ್ತಿದ್ದ. ಈ ಜವಾನ ಅಧ್ಯಕ್ಷರ ಹೆಂಡತಿಯ ದೂರದ ಸಂಬಂಧಿ, ನಲವತ್ತರ ಆಸುಪಾಸಿನ ದಪ್ಪ ಮನುಷ್ಯ. ಊದಿನಕಡ್ಡಿ ಹಚ್ಚಿದ ಮೇಲೆ ಅವನ ದಿನದ ದುಡಿಮೆ ಬಹುಮಟ್ಟಿಗೆ ಮುಗಿದಂತೆ.

ಪ್ರಯೋಗಾಲಯ ಇದ್ದದ್ದು ಒಂದು ಗೋದಾಮಿನ ಮಾಳಿಗೆಯ ಮೇಲೆ. ಒಂದು ಸೂಕ್ಷ್ಮ ತಕ್ಕಡಿ, ಪುಡಿ ಸುಟ್ಟು ಬೂದಿ ಮಾಡುವ ವಿದ್ಯುತ್ ಒಲೆ, ಗಾಜಿನ ನಳಿಕೆಗಳು, ನಾಲ್ಕಾರು ಬಾಟಲಿ ಆಮ್ಲ, ಈಥರು, ಒಂದು ಹಳೆಯ ಫ್ರಿಜ್ಜು. ಕೆಳಗೆ ಗೋದಾಮಿನಲ್ಲಿ ಮೂವತ್ತು ನಲವತ್ತು ಹೆಣ್ಣುಮಕ್ಕಳು ಸಾಲಾಗಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಮೂಗಿಗೆ ಸೆರಗು ಕಟ್ಟಿಕೊಂಡು, ಸೀನುತ್ತ, ನಗುತ್ತ, ಕನ್ನಡ ಉರ್ದು ಎರಡರಲ್ಲೂ ಜಗಳವಾಡುತ್ತ. ಅವರಲ್ಲಿ ಹಿರಿಯಳು ಒಬ್ಬ ಮುಸಲ್ಮಾನ ಹೆಂಗಸು. ಎಲ್ಲರೂ ಆಕೆಯನ್ನು ಖಾಲಾ ಎನ್ನುತ್ತಿದ್ದರು, ಚಿಕ್ಕಮ್ಮ ಎನ್ನುವ ಹಾಗೆ. ಲಿಂಗಾಯತರ ಹೆಣ್ಣುಮಕ್ಕಳಿಗೂ ಆಕೆ ಖಾಲಾ, ಅಧ್ಯಕ್ಷರಿಗೂ ಖಾಲಾ. ಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೀಜದ ಸಪ್ಪಳ ಕೇಳಿ, ಎಷ್ಟು ಒಣಗಿದೆ ಎಂದು ಹೇಳುತ್ತಿದ್ದಳು. ನಾನು ಮೇಲೆ ಹೋಗಿ ತೂಗಿ, ಕಾಯಿಸಿ, ಮತ್ತೆ ತೂಗಿ ಲೆಕ್ಕ ಹಾಕಿದರೆ ಆಕೆ ಹೇಳಿದ್ದೇ ಬರುತ್ತಿತ್ತು.

ಮೊದಲ ವರ್ಷ ನಾನು ಎಲ್ಲವನ್ನೂ ನಿಷ್ಠೆಯಿಂದ ಪರೀಕ್ಷೆ ಮಾಡಿದೆ ಎಂದು ಬರೆಯಬೇಕೆಂದು ಆಸೆ. ಒಂದು ಸಲ ಗುತ್ತಲದ ಕಡೆಯ ವರ್ತಕರೊಬ್ಬರ ಪುಡಿಯಲ್ಲಿ ಮಣ್ಣಿನ ಅಂಶ ಮಿತಿಗಿಂತ ಕೂದಲೆಳೆಯಷ್ಟು ಹೆಚ್ಚಿತ್ತು. ಅವರು ನಮ್ಮ ಸೋದರಮಾವನ ಬೀಗರ ಪೈಕಿ. ನಾನು ತಕ್ಕಡಿಯನ್ನು ಮತ್ತೊಮ್ಮೆ ನೋಡಿದೆ, ಮಗದೊಮ್ಮೆ ನೋಡಿದೆ, ಮಿತಿಯೊಳಗೆ ಬರುವ ತನಕ ನೋಡಿದೆ. ಮುಂದೆ ಯಾರನ್ನೆಲ್ಲ ಹೀಗಳೆಯುವವಳಿದ್ದೇನೆಯೋ ಅವರ ಸಾಲಿನ ತುದಿಯಲ್ಲಿ ನನಗೂ ಒಂದು ಜಾಗ ಇರಲಿ ಅಂತ ಇದನ್ನು ಹೇಳಿದೆ.

ಎರಡನೆಯ ಮಳೆಗಾಲ ಜೋರಾಗಿ ಬಂತು. ಬ್ಯಾಡಗಿ ಮೆಣಸಿನಕಾಯಿಯ ಹೆಸರು ಇರುವುದೇ ಬಣ್ಣದಿಂದ. ಖಾರ ಕಡಿಮೆ, ಕೆಂಪು ಜಾಸ್ತಿ. ಆದರೆ ಮಳೆಗಾಲದ ಥಂಡಿಯಲ್ಲಿ ತಿಂಗಳುಗಟ್ಟಲೆ ಗೋದಾಮಿನಲ್ಲಿ ಬಿದ್ದ ಕಾಯಿ ಬಣ್ಣ ಬಿಟ್ಟುಕೊಡುತ್ತದೆ, ಒಣಹುಲ್ಲಿನ ಹಾಗೆ ಬೆಳ್ಳಗಾಗುತ್ತದೆ. ಅಧ್ಯಕ್ಷರ ಗೋದಾಮಿನಲ್ಲಿ ಅಂಥ ಕಾಯಿಯ ಚೀಲ ರಾಶಿ ಬಿದ್ದದ್ದನ್ನು ನಾನು ದಿನಾ ಮೆಟ್ಟಿಲು ಹತ್ತುವಾಗ ನೋಡುತ್ತಿದ್ದೆ. ಆ ಚೀಲಗಳು ಒಂದು ವಾರದಲ್ಲಿ ಮಿಲ್ಲಿಗೆ ಹೋದವು. ಮರುವಾರ ಅವರ ಮಿಲ್ಲಿನಿಂದ ಪರೀಕ್ಷೆಗೆ ಬಂದ ಪುಡಿ ಕುಂಕುಮದ ಹಾಗೆ ಕೆಂಪಗಿತ್ತು.

ಪರೀಕ್ಷೆ ಬಹಳ ಸುಲಭದ್ದು. ಒಂದು ಚಮಚ ಪುಡಿಯನ್ನು ಈಥರಿನಲ್ಲಿ ಅಲ್ಲಾಡಿಸಬೇಕು, ಮೇಲಿನ ತಿಳಿಯನ್ನು ಆಮ್ಲ ಇರುವ ಇನ್ನೊಂದು ನಳಿಕೆಗೆ ಸುರಿದು ಮತ್ತೆ ಅಲ್ಲಾಡಿಸಬೇಕು. ಮೆಣಸಿನಕಾಯಿಯ ಸ್ವಂತ ಬಣ್ಣವಾದರೆ ತಳದ ಆಮ್ಲ ನೀರಿನ ಹಾಗೇ ಉಳಿಯುತ್ತದೆ. ಎಣ್ಣೆಯಲ್ಲಿ ಕರಗುವ ಬಣ್ಣ, ಅಂದರೆ ಬೂಟ್ ಪಾಲಿಶಿಗೆ ಹಾಕುವ ಜಾತಿಯದು ಬೆರೆತಿದ್ದರೆ ತಳ ಗುಲಾಬಿಯಾಗುತ್ತದೆ. ಗುಲಾಬಿಯಾಯಿತು. ನಳಿಕೆ ತೊಳೆದು ಮತ್ತೆ ಮಾಡಿದೆ. ಮತ್ತೂ ಗುಲಾಬಿ. ಮೂರನೆಯ ಸಲವೂ ಅದೇ.

ಅಧ್ಯಕ್ಷರು ತಾವೇ ಮೇಲೆ ಬಂದರು. ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಚಂದ ಐತೆಲ್ರಿ."

"ಇದು ಬಣ್ಣ ಹಾಕಿದ್ದರಿ. ತಿನ್ನೂದಲ್ಲರಿ ಇದು."

"ಬ್ಯಾಡಗಿ ಕಾಯಿ ಕೆಂಪ ಇರಲಾರದ ಮತ್ತೇನ ಹಸರ ಇರತೈತೇನು? ಮಂದಿ ಕೆಂಪ ಕೇಳತಾರ, ನಾವು ಕೆಂಪ ಕೊಡತೇವಿ. ಮಳಿ ಬಂತಂತ ನಾ ಏನ ಮಾಡ್ಲಿ, ದೇವರಿಗೆ ಅರ್ಜಿ ಹಾಕ್ಲೇನು?"

"ನಾ ಸಹಿ ಮಾಡಂಗಿಲ್ಲರಿ."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವರ ಬಗ್ಗೆ ನನಗೆ ಕಡೆಗೆ ಅಷ್ಟಾದರೂ ಗೌರವ ಉಳಿಯುತ್ತಿತ್ತು. ನಕ್ಕು, "ನಿಮ್ಮ ಕಾಕಾನ ಮಗಳ ಲಗ್ನ ಗುತ್ತಲದಾಗ ಐತಿ ಅಂದಿದ್ರೆಲ್ಲ. ಹೋಗಿ ಬರ್ರಿ. ನಾಕ ದಿನ ಆರಾಮ ಇರ್ರಿ. ತಲಿ ಬಿಸಿ ಆಗೇತಿ ನಿಮಗ," ಎಂದರು.

ನಾನು ಹೋದೆ. ನಾಲ್ಕು ದಿನ ಗುತ್ತಲದಲ್ಲಿ ಹೋಳಿಗೆ ತಿಂದೆ, ಹೊಳೆಯ ತನಕ ಅಡ್ಡಾಡಿದೆ, ನನ್ನ ಹಟದ ಬಗ್ಗೆ ನನ್ನೊಳಗೇ ಹೆಮ್ಮೆಪಟ್ಟುಕೊಂಡೆ. ತಿರುಗಿ ಬಂದು ನೋಂದಣಿ ಪುಸ್ತಕ ತೆಗೆದರೆ, ನಾನು ಇಲ್ಲದ ದಿನಗಳಲ್ಲಿ ಅಧ್ಯಕ್ಷರ ಮಿಲ್ಲಿನ ಎಲ್ಲ ಪುಡಿ ಉತ್ತಮ ದರ್ಜೆಯಲ್ಲಿ ಪಾಸಾಗಿತ್ತು. ಒಂದೊಂದರ ಎದುರಿಗೂ ನನ್ನ ಸಹಿ. ಕೊನೆಯ ಅಕ್ಷರದ ಬಾಲವನ್ನು ನಾನು ಕೆಳಗೆ ಎಳೆಯುತ್ತೇನೆ. ಇಲ್ಲಿ ಮೇಲೆ ಸುತ್ತಿ ಒಂದು ಹೂವಿನ ಹಾಗೆ ಮಾಡಿತ್ತು.

ಜವಾನನನ್ನು ಕೇಳಿದೆ. ಅವನು ನಾಚಲಿಲ್ಲ, ಹೆದರಲೂ ಇಲ್ಲ.

"ಎರಡ ದಿನಾ ಕುಂತ ರೂಢಿ ಮಾಡೇನ್ರಿ ಬಾಯಾರ. ನಿಮಗಿಂತ ಚಲೋ ಬಂದೈತಿ ನೋಡ್ರಿ."

ಅವನ ಜೀವಮಾನದಲ್ಲಿ ಅವನು ಅಷ್ಟು ಶ್ರದ್ಧೆಯಿಂದ ಕಲಿತದ್ದು ಅದೊಂದೇ ಇರಬೇಕು.

ಆಮೇಲೆ ನಾನೇನು ಮಾಡಿದೆ? ಎಂಟು ದಿನ ಏನೂ ಮಾಡಲಿಲ್ಲ. ಬಸ್ಸು ಹತ್ತಿ ಹೋಗುತ್ತಿದ್ದೆ, ಕೂತು ಬರುತ್ತಿದ್ದೆ. ಮನೆಯಲ್ಲಿ ಹೇಳಿದಾಗ ಅಪ್ಪ ಊಟದ ತಟ್ಟೆಯಿಂದ ತಲೆ ಎತ್ತದೆ, "ನಿನ್ನ ಕೈಲೆ ನೀ ಮಾಡಿಲ್ಲಲ್ಲ. ಮತ್ಯಾಕ ಚಿಂತಿ?" ಎಂದ. ಆ ಮಾತು ಎಷ್ಟು ಹಿತವಾಗಿತ್ತೆಂದರೆ, ಅದನ್ನು ಹೊದ್ದುಕೊಂಡು ಇನ್ನೂ ಎಷ್ಟು ದಿನ ಮಲಗುತ್ತಿದ್ದೆನೋ.

ಒಂಬತ್ತನೆಯ ದಿನ ಮಧ್ಯಾಹ್ನ ಖಾಲಾ ಮಾಳಿಗೆ ಹತ್ತಿ ಬಂದಳು. ಎರಡು ವರ್ಷದಲ್ಲಿ ಆಕೆ ಮೇಲೆ ಬಂದದ್ದು ಅದೇ ಮೊದಲು. ಹದಿನೈದು ದಿನದಿಂದ ಆಕೆಯನ್ನೂ ಇನ್ನಿಬ್ಬರನ್ನೂ ತೊಟ್ಟು ಬಿಡಿಸುವುದು ಬಿಡಿಸಿ ಮಿಲ್ಲಿನಲ್ಲಿ ಪುಡಿ ಕಲಸಲಿಕ್ಕೆ ಹಾಕಿದ್ದರು. ಆಕೆ ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದಳು. ಮದರಂಗಿ ಹಚ್ಚಿಕೊಂಡ ಹಾಗೆ, ಆದರೆ ಮದರಂಗಿಗಿಂತ ಹೊಲಸಾದ ಕೆಂಪು. ಉಗುರಿನ ಸಂದಿಯಲ್ಲಿ, ಗೆರೆಗಳಲ್ಲಿ ಗಟ್ಟಿಯಾಗಿ ಕೂತಿತ್ತು.

"ಬಾಯಾರ, ನೀವು ಕಲ್ತವರು, ಹೇಳ್ರಿ. ನಲವತ್ತ ವರ್ಷ ಆತು ನಾ ಈ ಕಾಯಿ ಮುಟ್ಟಾಕತ್ತಿ. ಮೆಣಸಿನಕಾಯಿ ಮುಟ್ಟಿದ್ರ ಕೈ ಉರೀತಾವ, ಕೆಂಪಾಗೂದಿಲ್ಲ. ಇದು ಉರಿಯೂದಿಲ್ಲ, ತೊಳದ್ರ ಹೋಗೂದೂ ಇಲ್ಲ. ರೊಟ್ಟಿ ಬಡದ್ರ ರೊಟ್ಟಿಗೆ ಹತ್ತತೈತಿ. ಮೊಮ್ಮಕ್ಕಳು ತಿನ್ನಾಕ ಒಲ್ಲೆ ಅಂತಾವ. ಏನಿದು?"

"ಬಣ್ಣ, ಖಾಲಾ."

"ಹೊಟ್ಟಿಗೆ ಹೋದ್ರ?"

ನಾನು ತಕ್ಕಡಿಯ ಗಾಜು ಒರೆಸತೊಡಗಿದೆ. ಆಕೆ ನನ್ನ ಮುಖ ನೋಡಿದಳು, ಗೋಡೆಯ ಮೇಲಿನ ಚೌಕಟ್ಟು ನೋಡಿದಳು. "ಅದರಾಗ ನಿಮ್ಮ ಹೆಸರ ಐತಂತ?" ಎಂದು ಕೇಳಿದಳು. ಹೌದು ಎಂದೆ. ಆಕೆ ಇಳಿದು ಹೋದಳು.

ಮರುದಿನ ನಾನು ಹಾವೇರಿಗೆ ಹೋಗಿ ರಿಜಿಸ್ಟರ್ ಅಂಚೆಯಲ್ಲಿ ಮಾನ್ಯತೆ ಕೊಟ್ಟ ಮೇಲಿನ ಕಚೇರಿಗೆ ಪತ್ರ ಕಳಿಸಿದೆ. ಬ್ಯಾಡಗಿಯಲ್ಲಿ ನನ್ನ ಗುರುತು ಇಲ್ಲದವರಿರಲಿಲ್ಲ. ಪುಡಿಯನ್ನು ಪೊಟ್ಟಣ ಕಟ್ಟಿ, ಅರಗು ಹಚ್ಚಿ ಜೊತೆಗಿಟ್ಟೆ. ನಾನು ಊರಲ್ಲಿರದ ದಿನಗಳನ್ನು ಬರೆದೆ, ನಕಲಿ ಸಹಿಯ ವಿಷಯ ಬರೆದೆ. ಗೌಪ್ಯವಾಗಿಡಬೇಕು ಎಂದು ಕೆಳಗೆ ಗೆರೆ ಎಳೆದೆ. ಆ ಗೆರೆಯನ್ನು ನೆನೆದರೆ ಈಗ ನಗು ಬರುತ್ತದೆ.

ಒಂದು ತಿಂಗಳಾದ ಮೇಲೆ ಜೀಪು ಬಂತು. ತನಿಖೆ ದಿಢೀರನೆ ಆಗಬೇಕು ಎಂದು ನಿಯಮ. ಈ ದಿಢೀರ್ ತನಿಖೆಗೆ ನಾಲ್ಕು ದಿನ ಮೊದಲೇ ಪ್ರಯೋಗಾಲಯಕ್ಕೆ ಸುಣ್ಣ ಬಳಿಸಿದ್ದರು, ಎರಡು ದಿನ ಮೊದಲು ಮಿಲ್ಲನ್ನು ತೊಳೆಸಿದ್ದರು, ಅವತ್ತು ಮುಂಜಾನೆ ಅಧ್ಯಕ್ಷರ ಮನೆಯಲ್ಲಿ ಎಣ್ಣೆಗಾಯಿ, ಶೇಂಗಾ ಹೋಳಿಗೆಗೆ ಒಲೆ ಹತ್ತಿತ್ತು. ಬಂದ ಸಾಹೇಬರು ಮೈಸೂರು ಸೀಮೆಯ ಕಡೆಯವರು, ಮೆತ್ತಗೆ ಮಾತಾಡುವವರು, ಇಸ್ತ್ರಿ ಮುರಿಯದ ಬಿಳಿ ಅಂಗಿ. ಕುರ್ಚಿಯಲ್ಲಿ ಕೂತು ಫೈಲು ಬಿಚ್ಚಿದರು. ಎಲ್ಲಕ್ಕಿಂತ ಮೇಲೆ ನನ್ನ ಪತ್ರ. ಅದನ್ನು ಅಧ್ಯಕ್ಷರ ಕಣ್ಣಿಗೆ ಬೀಳುವ ಹಾಗೆ ಮೇಜಿನ ಮೇಲೆ ಸವರಿ ಇಟ್ಟರು.

"ಈ ಕಾಗದ ಬರೆದೋರು ಯಾರಮ್ಮಾ?"

"ನಾನಽ."

"ಇದೆಲ್ಲಾ ಬೇಕಿತ್ತಾ ನಿಮಗೆ? ಒಂದು ಮಾತು ಇವ್ರ ಹತ್ರ ಕೂತು ಬಗೆಹರಿಸ್ಕೋಬೋದಿತ್ತಲ್ಲ."

ಅಧ್ಯಕ್ಷರು ಅಡ್ಡ ಬಂದರು. "ಇರ್ಲಿ ಬಿಡ್ರಿ ಸಾಹೇಬ್ರ. ಸಣ್ಣ ಹುಡಿಗಿ. ನನ್ನ ಮಗಳಿದ್ದಂಗ."

ತನಿಖೆ ಶುರುವಾಯಿತು. ತಕ್ಕಡಿಯ ತಪಾಸಣೆಯ ಅವಧಿ ಮುಗಿದಿದೆ ಎಂದು ಬರೆದುಕೊಂಡರು. ಬೆಂಕಿ ಆರಿಸುವ ಮರಳಿನ ಬಕೀಟು ಇಲ್ಲ. ಹೊರಗೆ ಮಾನ್ಯತೆಯ ಸಂಖ್ಯೆ ಬರೆದ ಫಲಕ ಇಲ್ಲ. ಫ್ರಿಜ್ಜು ತೆಗೆದರೆ ಒಳಗೆ ಜವಾನನ ಮೊಸರಿನ ಡಬ್ಬಿ. ಮೊಸರನ್ನು ಬಹಳ ಹೊತ್ತು ನೋಡಿದರು, ಅದಕ್ಕೆ ಒಂದು ಇಡೀ ಪ್ಯಾರಾ ಬರೆದರು. ನಾನು ಕಳಿಸಿದ ಪುಡಿಯ ಬಗ್ಗೆ ಕೇಳಿದೆ.

"ಅದು ಮಾದರಿ ಅಲ್ಲ. ಸಾಕ್ಷಿಗಳ ಎದುರಿಗೆ, ಅಧಿಕಾರಿ ತೆಗೆದು ಮುದ್ರೆ ಹಾಕಿದ್ರೆ ಮಾತ್ರ ಮಾದರಿ."

"ಹಂಗಾರ ಈಗ ತಗೀರಿ."

ತೆಗೆದರು. ಮಿಲ್ಲಿನಿಂದ ತಾಜಾ ಪುಡಿ ತರಿಸಿದರು. ಅಧ್ಯಕ್ಷರ ಮುಖ ನೋಡಿಯೇ ನನಗೆ ಗೊತ್ತಾಯಿತು. ಆ ಪುಡಿಯನ್ನು ಎಲ್ಲರ ಎದುರಿಗೆ ಈಥರಿನಲ್ಲಿ ಅಲ್ಲಾಡಿಸಿ ಆಮ್ಲಕ್ಕೆ ಹಾಕಿದೆ. ತಳ ನೀರಿನ ಹಾಗೆ ತಿಳಿಯಾಗಿ ನಿಂತಿತು. ಸಾಹೇಬರು ಕನಿಕರದಿಂದ ತಲೆ ಆಡಿಸಿದರು.

ಅಷ್ಟರಲ್ಲಿ ಮೆಟ್ಟಿಲಿನ ಮೇಲೆ ಸಪ್ಪಳವಾಯಿತು. ಯಾರೂ ಕರೆದಿರಲಿಲ್ಲ. ಖಾಲಾ ಬಾಗಿಲಲ್ಲಿ ನಿಂತು, ಮೂಗಿಗೆ ಕಟ್ಟಿದ ಸೆರಗು ಬಿಚ್ಚಿ, ಒಳಗೆ ಬಂದಳು. ಜವಾನ ತಡೆಯಲು ಎದ್ದ. ಆಕೆ ಅವನ ಕಡೆ ನೋಡಿದ ರೀತಿಗೆ ಮತ್ತೆ ಕೂತ. ಸಾಹೇಬರ ಮೇಜಿನ ಮೇಲೆ ಎರಡೂ ಅಂಗೈ ಇಟ್ಟಳು.

"ಸಾಬ್, ಪುಡಿ ಬದಲಿ ಮಾಡಿದ್ರು. ಇದನ್ನ ಬದಲಿ ಮಾಡಾಕ ಬರೂದಿಲ್ಲ. ಇದನ್ನ ನೋಡ್ರಿ."

ನಾನು ಹತ್ತಿಯ ಉಂಡೆಯನ್ನು ಈಥರಿನಲ್ಲಿ ಅದ್ದಿ ಆಕೆಯ ಅಂಗೈಯ ಗೆರೆಗಳನ್ನು ಒರೆಸಿದೆ. ಆಕೆಯ ಕೈ ಬೆಚ್ಚಗೆ, ಒರಟಾಗಿತ್ತು, ಒಂಚೂರೂ ಅಲುಗಲಿಲ್ಲ. ಹತ್ತಿಯನ್ನು ನಳಿಕೆಯೊಳಗೆ ಹಿಂಡಿ, ಆಮ್ಲ ಸುರಿದು ಅಲ್ಲಾಡಿಸಿ ಸಾಹೇಬರ ಮೂಗಿನ ಮುಂದೆ ಹಿಡಿದೆ. ತಳ ಗುಲಾಬಿಯಾಯಿತು.

ಸಾಹೇಬರು ನಳಿಕೆಯನ್ನು ನೋಡಿದರು. ಅವರಿಗೆ ಅರ್ಥವಾಯಿತು, ಅವರೂ ಅದೇ ಪಾಠ ಓದಿ ಬಂದವರು. ಒಂದು ಕ್ಷಣ ಅವರ ಮುಖದಲ್ಲಿ ಏನೋ ಬಂದು ಹೋಯಿತು, ನಾನು ಆಸೆಪಟ್ಟೆ. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಹೇಳಿದರು:

"ನೋಡಮ್ಮಾ, ಕಾನೂನಿನಲ್ಲಿ ಅಂಗೈಯಿಂದ ಮಾದರಿ ತೆಗೆಯೋದಕ್ಕೆ ಅವಕಾಶ ಇಲ್ಲ."

ಖಾಲಾಗೆ ಅವರ ಕನ್ನಡ ಪೂರ್ತಿ ತಿಳಿಯಲಿಲ್ಲ. "ಏನಂದ್ರು?" ಎಂದು ನನ್ನನ್ನು ಕೇಳಿದಳು.

"ಕೈ ನಡಿಯೂದಿಲ್ಲಂತ, ಖಾಲಾ."

"ಹಂಗಾದ್ರ ಏನ ನಡೀತೈತಿ ಅಂತ ಕೇಳ್ರಿ," ಎಂದಳು. ನಾನು ಕೇಳಲಿಲ್ಲ. ಅಧ್ಯಕ್ಷರು ಗಡಿಯಾರ ನೋಡಿ, "ಊಟಕ್ಕ ಏಳ್ರಿ ಸಾಹೇಬ್ರ, ಹೋಳಿಗಿ ಆರತಾವ," ಎಂದರು. ಅವರು ಎದ್ದರು. ನನ್ನನ್ನೂ ಕರೆದರು. ಹೋಗಲಿಲ್ಲ.

ಇದಾಗಿ ಕೆಲವು ವಾರಕ್ಕೆ ಕಾರಣ ಕೇಳುವ ನೋಟಿಸು ಬಂತು, ಅದಕ್ಕೆ ಅಧ್ಯಕ್ಷರು ವಕೀಲರಿಂದ ಉತ್ತರ ಬರೆಸಿದರು, ಕೊನೆಗೆ ಆದೇಶ ಬಂತು: ಪ್ರಯೋಗಾಲಯದ ಮಾನ್ಯತೆಯನ್ನು ಮೂರು ತಿಂಗಳ ಮಟ್ಟಿಗೆ ಅಮಾನತ್ತಿನಲ್ಲಿ ಇಡಲಾಗಿದೆ. ಅವತ್ತು ಅಧ್ಯಕ್ಷರು ಧಾರವಾಡದ ಪೇಢೆ ತರಿಸಿ ಹಂಚಿದರು.

ಯಾಕೆಂದು ನನಗೆ ತಿಳಿದದ್ದು ಆದೇಶ ಓದಿದ ಮೇಲೆ. ಏಳು ಕಾರಣ ಕೊಟ್ಟಿದ್ದರು. ತಕ್ಕಡಿ ಇತ್ತು, ಬಕೀಟು ಇತ್ತು, ಫಲಕ ಇತ್ತು, ಮೊಸರು ಇತ್ತು. ಬಣ್ಣ ಎಂಬ ಶಬ್ದ ಮೂರು ಪುಟದಲ್ಲಿ ಎಲ್ಲಿಯೂ ಇರಲಿಲ್ಲ. ಮಾನ್ಯತೆ ರದ್ದಾಗಿದ್ದರೆ ಆಟ ಮುಗಿಯುತ್ತಿತ್ತು. ಅಮಾನತ್ತು ಅಂದರೆ ಬಸ್ಸಿನ ಸೀಟಿನ ಮೇಲೆ ಟವೆಲ್ಲು ಹಾಕಿ ಚಹಾ ಕುಡಿಯಲು ಇಳಿದ ಹಾಗೆ, ಸೀಟು ಅವರದೇ. ಅದೂ ಎಂಥ ಮೂರು ತಿಂಗಳು! ಹಳೆಯ ಕಾಯಿ ಖಾಲಿಯಾಗಿ ಹೊಸ ಕಾಯಿ ಪ್ಯಾಟೆಗೆ ಬರುವುದಕ್ಕೆ ಮುಂಚಿನ, ಮಿಲ್ಲಿನವರು ಹೇಗೂ ಕೈಕಟ್ಟಿ ಕೂರುವ ಕಾಲ. ಸಾಹೇಬರು ಪಂಚಾಂಗ ನೋಡಿಯೇ ಆದೇಶ ಬರೆದಿರಬೇಕು.

ಏಳನೆಯ ಕಾರಣ ನನ್ನದು. "ನೋಂದಣಿ ಪುಸ್ತಕದಲ್ಲಿ ರಸಾಯನಶಾಸ್ತ್ರಜ್ಞೆಯ ಸಹಿಗಳಲ್ಲಿ ಏಕರೂಪತೆ ಕಂಡುಬಂದಿರುವುದಿಲ್ಲ." ಹೀಗಾಗಿ ನನ್ನ ವೈಯಕ್ತಿಕ ಮಾನ್ಯತೆಯೂ ಅಮಾನತ್ತು. ಅವಧಿ: ಮುಂದಿನ ಆದೇಶದವರೆಗೆ.

ಜವಾನ ನನಗೂ ಪೇಢೆ ತಂದುಕೊಟ್ಟ. "ತಗೋರಿ ಬಾಯಾರ. ನಿಮ್ಮ ಮ್ಯಾಲ ನಮಗೇನ ಸಿಟ್ಟಿಲ್ಲ," ಎಂದ. ನನ್ನ ಹೆಸರಿನ ಸಹಿ ಮಾಡಿದವನ ಉದಾರತೆ.

ವಿಚಾರಣೆಗೆ ಕರೆದರು, ಹೋದೆ. ಅಪ್ಪ ಜೊತೆಗೆ ಬರುತ್ತೇನೆಂದ; ಬೇಡವೆಂದೆ. ಅದೇ ಬಿಳಿ ಅಂಗಿಯ ಸಾಹೇಬರು ಒಂದು ಹಾಳೆ ಕೊಟ್ಟು ಹತ್ತು ಸಲ ಸಹಿ ಮಾಡಿ ಎಂದರು. ಮಾಡಿದೆ. ಭೂತಗನ್ನಡಿ ಹಿಡಿದು ನೋಡಿದರು.

"ಎರಡನೇದಕ್ಕೂ ಏಳನೇದಕ್ಕೂ ವ್ಯತ್ಯಾಸ ಇದೆಯಲ್ಲಮ್ಮಾ."

"ನಾನು ಮನುಷ್ಯಳು ಸರ್, ರಬ್ಬರ್ ಮುದ್ರೆ ಅಲ್ಲ. ಆ ದಿನ ನಾನು ಗುತ್ತಲದಲ್ಲಿದ್ದೆ. ಇದು ಲಗ್ನಪತ್ರಿಕೆ."

"ಲಗ್ನಪತ್ರಿಕೆ ಲಗ್ನ ಆಯ್ತು ಅನ್ನೋದಕ್ಕೆ ದಾಖಲೆ. ನೀವು ಹೋಗಿದ್ರಿ ಅನ್ನೋದಕ್ಕಲ್ಲ."

ಅವರ ಜಾಣತನಕ್ಕೆ ಅವರೇ ಸಣ್ಣಗೆ ನಕ್ಕರು. ಕೆಟ್ಟ ಮನುಷ್ಯರೆಂದು ನನಗೆ ಅನಿಸಲಿಲ್ಲ. ಕೆಟ್ಟವರಾಗಲಿಕ್ಕೆ ಒಂದಿಷ್ಟು ಎದೆಗಾರಿಕೆ ಬೇಕು. ಇವರು ಬರೀ ಮಡಿಕೆ ಮುರಿಯದಂತೆ ಅಂಗಿ ಕಾಯ್ದುಕೊಂಡು ನಿವೃತ್ತಿಯ ತನಕ ನಡೆದುಹೋಗುವವರು.

ಮೂರು ತಿಂಗಳು ಮುಗಿದ ದಿನವೇ ಪ್ರಯೋಗಾಲಯದ ಮಾನ್ಯತೆ ತಿರುಗಿ ಬಂತು. ಹೊಸ ತಕ್ಕಡಿ, ಕೆಂಪು ಬಣ್ಣ ಹೊಡೆದ ಎರಡು ಮರಳಿನ ಬಕೀಟು, ಹೊರಗೆ ದೊಡ್ಡ ಫಲಕ. ಹೊಸ ಡಿಗ್ರಿಯೊಂದು ಹಾವೇರಿಯಿಂದ ಬಂತು, ಅದಕ್ಕೆ ಮೀಸೆ ಇತ್ತು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಅಧ್ಯಕ್ಷರು, "ನೀವು ಕೆಳಗ ಗೋದಾಮಿನ್ಯಾಗ ಹಾಜರಿ ಬರಕೋತ ಇರ್ರಿ, ಪಗಾರ ಅಷ್ಟಽ," ಎಂದರು. ಆ ದಯೆಯನ್ನು ನಾನು ಅವರ ಮುಖದ ಮೇಲೆ ಎಸೆದು ಬಂದೆ ಎಂದು ಹೇಳಿಕೊಳ್ಳಲು ಚೆಂದ. ನಾನು "ಮನ್ಯಾಗ ಕೇಳಿ ಹೇಳತೇನರಿ" ಎಂದು ಬಸ್ಸು ಹತ್ತಿದೆ, ಮತ್ತೆ ಹೋಗಲಿಲ್ಲ.

ಮನೆಯಲ್ಲಿ ಅಪ್ಪ, "ಒಂದ ಸಹಿ ಮಾಡಿದ್ರ ನಿನ್ನ ಗಂಟೇನ ಹೋಗ್ತಿತ್ತು? ಹೆಂಗಿದ್ರೂ ಅವರು ಮಾಡಿಕೊಂಡ್ರು," ಎಂದ. ಅವನ ಜೊತೆ ಒಂದು ತಿಂಗಳು ಮಾತು ಬಿಟ್ಟೆ. ಅವ್ವ ನಮ್ಮಿಬ್ಬರ ನಡುವೆ ಮಾತು ಸಾಗಿಸುತ್ತಿದ್ದಳು: ಅಪ್ಪಗ ಉಪ್ಪು ಬೇಕಂತ, ಮಗಳಿಗೆ ಬಸ್ಸಿನ ಹೊತ್ತಾತಂತ. ಬಸ್ಸು ಎಂದರೆ ಕುಪ್ಪೇಲೂರಿನದು. ಅಲ್ಲಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತ್ತು. ಈ ಸಲ ಖರೇ ಸಿಕ್ಕಿತ್ತು. ಮುಖ್ಯೋಪಾಧ್ಯಾಯರು ನನ್ನಿಂದ ಒಂದು ಪಾಠ ಮಾಡಿಸಿ ನೋಡಿಯೇ ತೆಗೆದುಕೊಂಡರು.

ಬ್ಯಾಡಗಿಯ ಸುದ್ದಿ ಬರುತ್ತಲೇ ಇತ್ತು. ಖಾಲಾ ತನಿಖೆಯ ಮರುದಿನದಿಂದಲೇ ಮಿಲ್ಲಿಗೆ ಹೋಗಿರಲಿಲ್ಲ. ತಾನು ಹೋಗದಿದ್ದುದಷ್ಟೇ ಅಲ್ಲ, ಓಣಿ ಓಣಿ ತಿರುಗಿ ಕೈ ತೋರಿಸಿದಳಂತೆ. ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಒಬ್ಬರೂ ಆ ಮಿಲ್ಲಿನ ಕಲಸುವ ಕೆಲಸಕ್ಕೆ ಬರಲೊಪ್ಪಲಿಲ್ಲ. ಅಧ್ಯಕ್ಷರು ಹೊರಗಿನ ಊರುಗಳಿಂದ ಆಳು ತರಿಸಿದರು; ಕೈ ಕೆಂಪಾದ ಕೂಡಲೇ ಅವರೂ ಓಡಿದರು. ಮುಂದೊಂದು ವರ್ಷಕ್ಕೆ ಅವರು ಪುಡಿಯ ಮಿಲ್ಲು ಮಾರಿ ಬರೀ ಕಾಯಿಯ ವ್ಯಾಪಾರ ಇಟ್ಟುಕೊಂಡರು. ಕಾನೂನು ಅವರ ಕೂದಲನ್ನೂ ಮುಟ್ಟಲಿಲ್ಲ. ಕದರಮಂಡಲಗಿಯ ಹನುಮಪ್ಪನಿಗೆ ಬೆಳ್ಳಿಯ ಛತ್ರಿ ಕೊಟ್ಟರೆಂದೂ ಕೇಳಿದೆ. ದೇವರು ಮಾನ್ಯತೆ ಕೇಳುವುದಿಲ್ಲ.

ನನ್ನ ಅಮಾನತ್ತು ಮಾತ್ರ ಹಾಗೇ ಇತ್ತು. ಎರಡು ವರ್ಷದ ಮೇಲೆ ರಾಣೆಬೆನ್ನೂರಿನ ಮನೆಗೆ ಒಂದು ಲಕೋಟೆ ಬಂತು. ನನ್ನ ವಿರುದ್ಧ ಹೆಚ್ಚಿನ ಆಕ್ಷೇಪಣೆ ಬಾರದ ಕಾರಣ ಅಮಾನತ್ತನ್ನು ಹಿಂಪಡೆಯಲು ಪರಿಶೀಲಿಸಲಾಗುವುದು, ಮೂಲ ಮಾನ್ಯತಾ ಪತ್ರದೊಂದಿಗೆ ಖುದ್ದು ಹಾಜರಾಗಬೇಕು. ಮೂಲ ಪತ್ರ ಲಕ್ಷ್ಮಿಯ ಪಕ್ಕದಲ್ಲಿ ತೂಗುತ್ತಿತ್ತೋ, ಮೊಳೆಯಿಂದ ಇಳಿದಿತ್ತೋ ನನಗೆ ಗೊತ್ತಿರಲಿಲ್ಲ. ಅಪ್ಪನಿಗೆ ಆನಂದ. "ಹೋಗಿ ಬಾ, ಮಾನ ತಿರುಗಿ ಬರತೈತಿ," ಎಂದ. ನಾನು ಉತ್ತರ ಬರೆಯಲಿಲ್ಲ. ಜ್ಞಾಪನಾ ಪತ್ರ ಬಂತು, ಆಮೇಲೆ ಇನ್ನೊಂದು. ಮೂರನೆಯದರಲ್ಲಿ, ಪತ್ರಗಳಿಗೆ ಉತ್ತರಿಸದ ಕಾರಣ ನನ್ನ ಮಾನ್ಯತೆಯನ್ನು ರದ್ದುಪಡಿಸಲಾಗಿದೆ ಎಂದಿತ್ತು. ಇಡೀ ಪ್ರಕರಣದಲ್ಲಿ ಕಾನೂನು ಧೈರ್ಯ ಮಾಡಿ ರದ್ದುಪಡಿಸಿದ್ದು ಅದೊಂದನ್ನೇ.

ಆ ರವಿವಾರ ನಾನು ಬ್ಯಾಡಗಿಗೆ ಹೋದೆ. ಖಾಲಾಳ ಮನೆ ಹುಡುಕಿದೆ. ಆಕೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಹೇಳಿದೆ: ಅಮಾನತ್ತು, ಜ್ಞಾಪನ, ರದ್ದು. ಆಕೆ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರುತ್ತ ಕೇಳಿದಳು.

"ಅದು ಹೋದ್ರ ಹುಡುಗೂರಿಗೆ ಕಲಸೂದಕ್ಕ ಏನರ ಅಡ್ಡಿ ಐತೇನು?"

"ಇಲ್ಲ ಖಾಲಾ."

"ಮತ್ತ ಹೋಗ್ಲಿ ಬಿಡ ಬೇಟಿ. ಕೈ ತೊಳಕೊಂಡ ಬಾ, ಬಿಸಿ ಐತಿ."

ಬದನೆಕಾಯಿ ಪಲ್ಯ ಇತ್ತು, ಖಾರ ಸ್ವಲ್ಪ ಜಾಸ್ತಿಯೇ ಆಗಿತ್ತು. ಕಣ್ಣಲ್ಲಿ ನೀರು ಬಂದರೂ ಮೂರು ರೊಟ್ಟಿ ತಿಂದೆ.